ಬದಲಾವಣೆ ತರುವಾಗ ನಾವು ಎಡವುವುದೆಲ್ಲಿ?

ಸಂಘದಲ್ಲಾಗಲಿ, ಶಾಲೆಯಲ್ಲಾಗಲಿ, ಧರ್ಮಕೇಂದ್ರದ ಪಾಲನಾ ಮಂಡಳಿಯಲ್ಲಾಗಲಿ ಹೊಸ ಪದ್ಧತಿಯೊಂದನ್ನು ಜಾರಿಗೆ ತರಲು ಹೊರಟವರು ಒಂದಲ್ಲ ಒಂದು ದಿನ ಹೇಳುವ ಮಾತಿದು: "ನಾವು ಒಳ್ಳೆಯದನ್ನೇ ಮಾಡಲು ಹೊರಟಿದ್ದೆವು, ಜನ ಸಹಕರಿಸಲಿಲ್ಲ." ನಾನೂ ಹೇಳಿದ್ದೇನೆ. ಸಹಾಯಕ ಗುರುವಾಗಿದ್ದ ದಿನಗಳಲ್ಲಿ ಒಂದು ಧರ್ಮಕೇಂದ್ರದಲ್ಲಿ ವಾರ್ಡಿನ ಗುರಿಕಾರರು ಮನೆಮನೆಯಿಂದ ವಂತಿಗೆ ಸಂಗ್ರಹಿಸಿ ಹಳೆಯ ನೋಟ್ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ನಾನು ಮುದ್ರಿತ ರಶೀದಿ ಪುಸ್ತಕ ಮಾಡಿಸಿ, ಒಂದು ಭಾನುವಾರ ಬಲಿಪೂಜೆಯ ಕೊನೆಗೆ ಪ್ರಕಟಣೆ ಓದಿಬಿಟ್ಟೆ. "ಇನ್ನು ಮುಂದೆ ರಶೀದಿ ಇಲ್ಲದೆ ಯಾರೂ ಹಣ ಕೊಡಬೇಡಿ" ಎಂದೆ. ಮರುದಿನ ಮೂವರು ಗುರಿಕಾರರು ಪುಸ್ತಕ ಹಿಂದಿರುಗಿಸಿದರು. ನನ್ನ ಪ್ರಕಟಣೆ ಜನರ ಕಿವಿಗೆ "ಇಷ್ಟು ವರ್ಷ ಇವರು ಹಣ ತಿಂದಿದ್ದಾರೆ" ಎಂದೇ ಕೇಳಿಸಿತ್ತು. ಅದು ನನಗೆ ಅರ್ಥವಾದದ್ದು ಎರಡು ತಿಂಗಳ ನಂತರ.

ಇಂಥ ಎಡವಟ್ಟು ನಮ್ಮಲ್ಲಿ ಮಾತ್ರ ಆಗುವಂಥದ್ದಲ್ಲ. ವೈದ್ಯಕೀಯ ಚರಿತ್ರೆಯಲ್ಲಿ ಇದಕ್ಕೊಂದು ದೊಡ್ಡ ಉದಾಹರಣೆಯಿದೆ. ನಮ್ಮಲ್ಲಿ ಆಸ್ಪತ್ರೆಗಳಲ್ಲಿ ದುಡಿಯುವವರು ಇಲ್ಲದ ಮನೆಗಳೇ ಕಡಿಮೆಯಾದ್ದರಿಂದ, ಅದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

1840ರ ದಶಕದಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ತರಬೇತಿ, ಎರಡನೆಯದರಲ್ಲಿ ಸೂಲಗಿತ್ತಿಯರಿಗೆ. 1846ರಲ್ಲಿ ಒಂದನೆಯ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ಸತ್ತರು. ಎರಡನೆಯದರಲ್ಲಿ ಸತ್ತವರು ನೂರಕ್ಕೆ ಮೂವರಿಗಿಂತಲೂ ಕಡಿಮೆ. ಮುಖ್ಯ ಕಾರಣ ಬಾಣಂತಿ ಜ್ವರ. ಇದು ಊರಿಗೆಲ್ಲ ತಿಳಿದಿತ್ತು. ಒಂದನೆಯ ವಿಭಾಗಕ್ಕೆ ಹಾಕಬೇಡಿರೆಂದು ಗರ್ಭಿಣಿಯರು ಕೈಮುಗಿದು ಬೇಡಿಕೊಳ್ಳುತ್ತಿದ್ದರು.

ಅಲ್ಲಿ ಸಹಾಯಕ ವೈದ್ಯರಾಗಿದ್ದ ಹಂಗೇರಿಯ ಇಗ್ನಾಜ್ ಸೆಮ್ಮೆಲ್‌ವೈಸ್ ಕಾರಣ ಹುಡುಕಲು ಹೊರಟರು. ಅವರು ಶಂಕಿಸಿದ ಸಂಗತಿಗಳಲ್ಲಿ ಒಂದು ನಮ್ಮಂಥ ಗುರುಗಳಿಗೆ ಸಂಬಂಧಪಟ್ಟದ್ದು. ಸಾಯುತ್ತಿರುವವರಿಗೆ ಅಂತಿಮ ಸಂಸ್ಕಾರ ಕೊಡಲು ಬರುವ ಗುರುಗಳು ಒಂದನೆಯ ವಿಭಾಗದ ಹಲವು ಕೋಣೆಗಳನ್ನು ಹಾದುಹೋಗಬೇಕಿತ್ತು. ಅವರ ಮುಂದೆ ಗಂಟೆ ಬಾರಿಸಲಾಗುತ್ತಿತ್ತು. ಆ ಸದ್ದಿನ ಭಯದಿಂದಲೇ ಬಾಣಂತಿಯರು ಕಾಯಿಲೆ ಬೀಳುತ್ತಿರಬಹುದೇ? ಸೆಮ್ಮೆಲ್‌ವೈಸ್ ಗುರುಗಳನ್ನು ಕೇಳಿಕೊಂಡರು, ಗುರುಗಳು ಒಪ್ಪಿ ಗಂಟೆಯಿಲ್ಲದೆ ಬಳಸುದಾರಿಯಲ್ಲಿ ಬರತೊಡಗಿದರು. ಸಾವು ಕಡಿಮೆಯಾಗಲಿಲ್ಲ. ಆದರೆ ಒಂದು ವಿಷಯ ಗಮನಿಸಿ: ಅಲ್ಲಿ ಅವರು ಆಜ್ಞೆ ಮಾಡಿರಲಿಲ್ಲ, ಕೇಳಿಕೊಂಡಿದ್ದರು. ಕೆಲಸ ಆಯಿತು.

1847ರ ಮಾರ್ಚ್‌ನಲ್ಲಿ ಅವರ ಸಹೋದ್ಯೋಗಿ ಕೊಲೆಚ್ಕಾ ಶವಪರೀಕ್ಷೆಯ ವೇಳೆ ಚಾಕು ತಗಲಿ ನಂಜೇರಿ ತೀರಿಕೊಂಡರು. ಅವರ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿಯರಲ್ಲಿ ಕಂಡಂಥವೇ. ವೈದ್ಯರೂ ವಿದ್ಯಾರ್ಥಿಗಳೂ ಬೆಳಿಗ್ಗೆ ಶವಾಗಾರದಲ್ಲಿ ಕೆಲಸ ಮಾಡಿ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು, ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಉತ್ತರ ಸಿಕ್ಕಿತು. ಮೇ ತಿಂಗಳಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ಒಳಬರಬಾರದೆಂದು ಕಟ್ಟಪ್ಪಣೆಯಾಯಿತು. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು.

ಇಷ್ಟು ಸ್ಪಷ್ಟ ಫಲಿತಾಂಶ ಕಂಡ ಮೇಲೂ ಆ ಬದಲಾವಣೆ ವಿಯೆನ್ನಾದಲ್ಲಿ ನಿಲ್ಲಲಿಲ್ಲ. ತಪ್ಪೆಲ್ಲ ಸೆಮ್ಮೆಲ್‌ವೈಸರದು ಎನ್ನಲಾಗದು. ಮೇಲಧಿಕಾರಿ ಕ್ಲೈನ್ ಅವರಿಗೆ ವಿರೋಧವಾಗಿದ್ದರು. ರೋಗಾಣುಗಳಿಂದ ರೋಗ ಬರುತ್ತದೆಂಬ ವಿಚಾರ ಆಗಿನ್ನೂ ವೈದ್ಯರಲ್ಲಿ ಮಾನ್ಯವಾಗಿರಲಿಲ್ಲ. 1848ರ ಕ್ರಾಂತಿಯ ನಂತರ ಹಂಗೇರಿಯವರನ್ನು ವಿಯೆನ್ನಾ ಸಂಶಯದಿಂದಲೇ ನೋಡುತ್ತಿತ್ತು. 1849ರಲ್ಲಿ ಅವರ ಅವಧಿ ಮುಗಿದಾಗ ಅದನ್ನು ನವೀಕರಿಸಲಿಲ್ಲ. ಆದರೂ ಅವರು ತಾವಾಗಿ ಮಾಡಿಕೊಂಡ ತಪ್ಪುಗಳೂ ಇದ್ದವು.

ಮೊದಲನೆಯದಾಗಿ, ಅವರು ಬರೆಯಲಿಲ್ಲ. 1847ರ ಕೊನೆಗೆ ಈ ಶೋಧದ ಬಗ್ಗೆ ಬರೆದು ಪ್ರಕಟಿಸಿದ್ದು ಅವರಲ್ಲ, ಸ್ನೇಹಿತ ಹೆಬ್ರಾ. ಸೆಮ್ಮೆಲ್‌ವೈಸರ ಸ್ವಂತ ಗ್ರಂಥ ಬಂದದ್ದು 1861ರಲ್ಲಿ, ಹದಿನಾಲ್ಕು ವರ್ಷಗಳ ಮೇಲೆ. ಈ ನಡುವೆ ದೂರದ ಊರುಗಳ ವೈದ್ಯರು ವಿಷಯವನ್ನು ಅರ್ಧಂಬರ್ಧ ಕೇಳಿ, ತಪ್ಪಾಗಿ ಅರ್ಥ ಮಾಡಿಕೊಂಡು, ತಳ್ಳಿಹಾಕಿಬಿಟ್ಟಿದ್ದರು. ಸತ್ಯ ತಾನಾಗಿ ಹರಡುತ್ತದೆಂಬ ನಂಬಿಕೆ ನಮ್ಮಲ್ಲೂ ಬಹಳ. ಮಂಡಳಿಯ ಸಭೆಯಲ್ಲಿ ಒಮ್ಮೆ ಚರ್ಚಿಸಿದ್ದೇವೆ, ಆದುದರಿಂದ ಎಲ್ಲರಿಗೂ ಗೊತ್ತಿದೆ ಎಂದುಕೊಳ್ಳುತ್ತೇವೆ.

ಎರಡನೆಯದಾಗಿ, ಅವರು ಜೊತೆಗಾರರನ್ನು ಬಿಟ್ಟುಹೋದರು. ಸ್ಕೋಡಾ, ರೋಕಿಟಾನ್ಸ್ಕಿ, ಹೆಬ್ರಾ ಎಂಬ ಮೂವರು ಹೆಸರಾಂತ ವೈದ್ಯರು ಅವರ ಪರ ನಿಂತಿದ್ದರು. 1850ರಲ್ಲಿ ತಮಗೆ ಸಿಕ್ಕ ಹುದ್ದೆಯ ನಿರ್ಬಂಧಗಳಿಂದ ಮನನೊಂದು, ಆ ಸ್ನೇಹಿತರಿಗೂ ಹೇಳದೆ ಅವರು ಹಂಗೇರಿಯ ಪೆಸ್ಟ್ ನಗರಕ್ಕೆ ಹೊರಟುಬಿಟ್ಟರು. ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ಆರು ವರ್ಷಗಳಲ್ಲಿ 933 ಹೆರಿಗೆಗಳಾಗಿ ಬಾಣಂತಿ ಜ್ವರದಿಂದ ಸತ್ತವರು ಎಂಟೇ ಮಂದಿ. ಆದರೆ ವಿಯೆನ್ನಾದಲ್ಲಿ ಅವರ ಪದ್ಧತಿಗಾಗಿ ಪಟ್ಟುಹಿಡಿದು ಹೋರಾಡುವವರು ಉಳಿಯಲಿಲ್ಲ.

ಮೂರನೆಯದು ಅತ್ಯಂತ ಸೂಕ್ಷ್ಮವಾದುದು. ಕೈ ತೊಳೆಯಿರಿ ಎಂಬ ಆಜ್ಞೆಯೊಳಗೆ "ಆ ತಾಯಂದಿರನ್ನು ಕೊಂದದ್ದು ನಿಮ್ಮ ಕೈಗಳೇ" ಎಂಬ ತೀರ್ಪು ಅಡಗಿತ್ತು. ಜೀವ ಉಳಿಸುವುದೇ ತನ್ನ ವೃತ್ತಿ ಎಂದುಕೊಂಡ ವೈದ್ಯನಿಗೆ ಇದನ್ನು ಒಪ್ಪಿಕೊಳ್ಳುವುದು ಎಷ್ಟು ಕಷ್ಟ! ತನ್ನ ಕೈಯಿಂದಲೂ ಎಷ್ಟೋ ಜನ ಸತ್ತಿದ್ದಾರೆಂದು ಸೆಮ್ಮೆಲ್‌ವೈಸ್ ಬಹಿರಂಗವಾಗಿಯೇ ಒಪ್ಪಿಕೊಂಡಿದ್ದರು. ಆದರೆ ಇತರರಿಗೆ ಆ ನೋವನ್ನು ನುಂಗಲು ಸಮಯ ಕೊಡಲಿಲ್ಲ. 1861ರ ನಂತರ ಬಹಿರಂಗ ಪತ್ರಗಳಲ್ಲಿ ಒಪ್ಪದ ಪ್ರಾಧ್ಯಾಪಕರನ್ನು ಕೊಲೆಗಾರರೆಂದೇ ಕರೆದರು. ಕೊಲೆಗಾರನೆಂದು ಕರೆಸಿಕೊಂಡವನು ಕೈ ತೊಳೆಯಲು ಬರುವುದಿಲ್ಲ, ವಾದಕ್ಕೆ ಬರುತ್ತಾನೆ. 1865ರ ಆಗಸ್ಟ್‌ನಲ್ಲಿ, 47ರ ಹರೆಯದಲ್ಲಿ, ಅವರು ವಿಯೆನ್ನಾದ ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು.

ಈಗ ಇದೇ ಕೈ ತೊಳೆಯುವ ವಿಷಯಕ್ಕೆ ಸುಮಾರು ನೂರೈವತ್ತು ವರ್ಷಗಳ ನಂತರ ಬರೋಣ. ಸ್ವಿಟ್ಜರ್‌ಲೆಂಡಿನ ಜಿನೀವಾ ವಿಶ್ವವಿದ್ಯಾಲಯ ಆಸ್ಪತ್ರೆ, 1994. ರೋಗಾಣುಗಳ ಬಗ್ಗೆ ಎಲ್ಲರಿಗೂ ತಿಳಿದಿದೆ, ಆದರೂ ಕೈ ಶುಚಿಗೊಳಿಸಬೇಕಾದ ನೂರು ಸಂದರ್ಭಗಳಲ್ಲಿ ಸಿಬ್ಬಂದಿ ಅದನ್ನು ಪಾಲಿಸುತ್ತಿದ್ದುದು 48ರಲ್ಲಿ ಮಾತ್ರ. ಡಾ. ದಿದಿಯೆ ಪಿಟ್ಟೆ ಮತ್ತು ಅವರ ತಂಡ ಯಾರನ್ನೂ ಗದರಿಸದೆ ಮೊದಲು ನಿಂತು ನೋಡಿದರು. ತೀವ್ರ ನಿಗಾ ಘಟಕದಲ್ಲಿ ದಾದಿಯೊಬ್ಬರು ಗಂಟೆಗೆ ಸರಾಸರಿ 22 ಬಾರಿ ಕೈ ಶುಚಿಗೊಳಿಸಬೇಕಿತ್ತು. ಪ್ರತಿ ಸಲ ನಲ್ಲಿಗೆ ಹೋಗಿ ಸೋಪು ಹಾಕಿ ತೊಳೆದು ಒರೆಸಲು ಒಂದು ನಿಮಿಷವಾದರೂ ಬೇಕು. ಹಾಗಾದರೆ ರೋಗಿಯನ್ನು ನೋಡುವುದು ಯಾವಾಗ? ಸೋಮಾರಿತನವೆಂದು ಕಂಡದ್ದು ನಿಜವಾಗಿ ಸಮಯದ ಅಭಾವವಾಗಿತ್ತು. ಆದುದರಿಂದ ಪ್ರತಿ ಹಾಸಿಗೆಯ ಪಕ್ಕದಲ್ಲಿ, ಸಿಬ್ಬಂದಿಯ ಜೇಬಿನಲ್ಲಿ, ಕೆಲವೇ ಸೆಕೆಂಡುಗಳಲ್ಲಿ ಒಣಗುವ ಆಲ್ಕೋಹಾಲ್ ದ್ರಾವಣದ ಬಾಟಲಿ ಬಂತು. ಗೋಡೆಗೆ ಹಚ್ಚುವ ಚಿತ್ರಪಟಗಳ ತಯಾರಿಯಲ್ಲಿ ಸಿಬ್ಬಂದಿಯೇ ಪಾಲ್ಗೊಂಡರು. ಆಡಳಿತದ ಹಿರಿಯರು ಬೆಂಬಲಕ್ಕೆ ನಿಂತರು. ಫಲಿತಾಂಶವನ್ನು ಕಾಲಕಾಲಕ್ಕೆ ಎಲ್ಲರಿಗೂ ತೋರಿಸಲಾಯಿತು. 1997ರ ಹೊತ್ತಿಗೆ 48 ಇದ್ದದ್ದು 66 ಆಯಿತು, ಆಸ್ಪತ್ರೆಯಲ್ಲಿ ತಗಲುವ ಸೋಂಕುಗಳೂ ಇಳಿದವು. 2020ರಲ್ಲಿ ನಮ್ಮ ಇಗರ್ಜಿಯ ಬಾಗಿಲಲ್ಲಿ ಕೈಗೆ ಸುರಿಸಿಕೊಂಡ ಸ್ಯಾನಿಟೈಸರ್ ಇದೇ ಬಗೆಯ ದ್ರಾವಣ.

ಆದರೂ ಒಂದು ಮಾತು ಮರೆಯಬಾರದು. ಜಿನೀವಾದಲ್ಲಿ ಬದಲಾದವರು ಮುಖ್ಯವಾಗಿ ದಾದಿಯರು ಮತ್ತು ಅವರ ಸಹಾಯಕರು. ವೈದ್ಯರ ರೂಢಿ ಹಾಗೆಯೇ ಕಳಪೆಯಾಗಿ ಉಳಿಯಿತೆಂದು ಪಿಟ್ಟೆ ತಂಡವೇ 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಇದನ್ನು ಮುಚ್ಚಿಡದೆ ಬರೆದದ್ದು ನನಗೆ ಬಹಳ ಹಿಡಿಸಿತು. ನಮ್ಮ ವಾರ್ಷಿಕ ವರದಿಗಳಲ್ಲಿ "ಎಲ್ಲರ ಸಹಕಾರದಿಂದ ಯಶಸ್ವಿಯಾಗಿ ನೆರವೇರಿತು" ಎಂಬ ವಾಕ್ಯ ಎಷ್ಟು ಸಲ ಬರುತ್ತದೆ ಎಂದು ಒಮ್ಮೆ ಎಣಿಸಿ ನೋಡಿ.

ರಶೀದಿ ಪುಸ್ತಕದ ಕಥೆ ಮುಗಿಸುತ್ತೇನೆ. ಪುಸ್ತಕ ಹಿಂದಿರುಗಿಸಿದ ಮೂವರಲ್ಲಿ ಹಿರಿಯರೊಬ್ಬರ ಮನೆಗೆ ಎರಡು ತಿಂಗಳಾದ ಮೇಲೆ ಹೋದೆ. ಅವರು ಸಿಟ್ಟಾಗಲಿಲ್ಲ. ಇಪ್ಪತ್ತು ವರ್ಷಗಳ ನೋಟ್ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ನನ್ನ ಮುಂದಿಟ್ಟು, ಚಹಾ ತರಿಸಿದರು. ಒಂದು ಪೈಸೆಯ ಲೆಕ್ಕವೂ ತಪ್ಪಿರಲಿಲ್ಲ.

ಮುಂದೆ ಇನ್ನೊಂದು ಧರ್ಮಕೇಂದ್ರದಲ್ಲಿ ಇದೇ ಕೆಲಸಕ್ಕೆ ಕೈಹಾಕಿದಾಗ, ಮುದ್ರಣಕ್ಕೆ ಕೊಡುವ ಮೊದಲು ಒಂದು ಮಾದರಿಯನ್ನು ವಾರ್ಡ್ ವಾರ್ಡಿಗೆ ತೆಗೆದುಕೊಂಡು ಹೋದೆ. ಕಡಲ ಬದಿಯ ವಾರ್ಡಿನ ಮಹಿಳೆಯೊಬ್ಬರು ಅದರಲ್ಲಿದ್ದ ಹನ್ನೆರಡು ತಿಂಗಳ ಕಾಲಂಗಳನ್ನು ತೋರಿಸಿ, "ಫಾದರ್, ಜೂನ್-ಜುಲೈಯಲ್ಲಿ ಬೋಟು ಹೋಗುವುದಿಲ್ಲ, ಆ ಎರಡು ಚೌಕ ಖಾಲಿ ಇದ್ದರೆ ನಾವು ಬಾಕಿದಾರರ ಹಾಗೆ ಕಾಣುತ್ತೇವೆ" ಎಂದರು. ಆ ವಾರ್ಡಿನವರು ವರ್ಷದ ಹಣವನ್ನು ಕಡಿಮೆ ಮಾಡದೆ, ಮೀನಿನ ಋತುವಿನಲ್ಲಿ ಒಟ್ಟಾಗಿ ಕೊಡುತ್ತಿದ್ದರು. ಕಾಲಂಗಳನ್ನು ತೆಗೆದುಹಾಕಿದೆವು. ಮಾತುಕತೆ, ತಿದ್ದುಪಡಿ ಎಂದು ಎಂಟು ತಿಂಗಳು ಹಿಡಿಯಿತು. ನಾನು ಅಲ್ಲಿಂದ ವರ್ಗವಾಗುವಾಗ ಎರಡು ವಾರ್ಡುಗಳು ರಶೀದಿಯ ಜೊತೆಗೆ ಹಳೆಯ ನೋಟ್ ಪುಸ್ತಕವನ್ನೂ ಬರೆಯುತ್ತಿದ್ದವು. ನಾನು ಬೇಡ ಎನ್ನಲಿಲ್ಲ.