ಹಸಿರು ಚಹಾ ಮೈಯನ್ನು ಕರಗಿಸೀತೇ?

ಬೊಜ್ಜು ಕರಗಬೇಕೆಂಬ ಹಂಬಲದಿಂದ, ಬೆಳಗಾಗುತ್ತಲೇ ಮುಖ ಕಿವಿಚಿಕೊಂಡು ಹಸಿರು ಚಹಾ ಕುಡಿಯುವವರು ಇಂದು ನಮ್ಮ ಪೇಟೆಗಳಲ್ಲಿ ಕಡಮೆಯೇನಿಲ್ಲ. ಈ ವ್ರತಕ್ಕೆ ಫಲವುಂಟೇ? ಉತ್ತರ ಹೇಳುವ ಮುನ್ನ ಎಲೆಯೊಳಗೆ ಏನಿದೆಯೆಂಬುದನ್ನು ನೋಡೋಣ.

ಕಪ್ಪು ಚಹಾ, ಹಸಿರು ಚಹಾ ಎರಡೂ ಒಂದೇ ಗಿಡದ ಎಲೆಗಳು. ಕೊಯ್ದ ಎಲೆಯನ್ನು ಬಾಡಿಸಿ ಹೊಸಕಿದರೆ, ಅದರೊಳಗಿನ ಒಂದು ಕಿಣ್ವವು ಗಾಳಿಯ ಆಮ್ಲಜನಕದ ನೆರವಿನಿಂದ ಎಲೆಯ ಒಗರು ಪದಾರ್ಥಗಳನ್ನು ಮಾರ್ಪಡಿಸುತ್ತದೆ. ಎಲೆ ಕಂದುಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಎಡೆಗೊಡದೆ ಜಪಾನೀಯರು ಹಸಿ ಎಲೆಯನ್ನು ಕೂಡಲೇ ಹಬೆಯಲ್ಲಿ ಬೇಯಿಸುತ್ತಾರೆ; ಚೀನೀಯರು ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಶಾಖಕ್ಕೆ ಕಿಣ್ವ ಕೆಡುವುದರಿಂದ 'ಕ್ಯಾಟೆಚಿನ್' ಎಂಬ ಆ ಒಗರು ಪದಾರ್ಥಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಹಸಿರು ಚಹಾದಿಂದ ಕ್ಯಾಟೆಚಿನನ್ನು 1929ರಲ್ಲಿ ಬೇರ್ಪಡಿಸಿದವರು ಜಪಾನಿನ ಮಿಚಿಯೊ ತ್ಸುಜಿಮುರ ಎಂಬ ವಿದುಷಿ.

ಕೂಡಿಟ್ಟ ಕೊಬ್ಬನ್ನು ಬಿಚ್ಚುವಂತೆ ದೇಹದ ಕೋಶಗಳಿಗೆ ಸೂಚನೆ ಕೊಡುವ ರಾಸಾಯನಿಕ ನಾರ್‌ಅಡ್ರಿನಲಿನ್. ಅದನ್ನು ಬೇಗನೆ ನಿಷ್ಕ್ರಿಯಗೊಳಿಸುವ ಕಿಣ್ವವೊಂದುಂಟು. ಕ್ಯಾಟೆಚಿನ್ ಆ ಕಿಣ್ವವನ್ನು ತಡೆಯುತ್ತದೆ, ಚಹಾದ ಕೆಫೀನು ಕೋಶದೊಳಗೆ ಅದೇ ಸೂಚನೆಯನ್ನು ನೀಡಿಸುತ್ತದೆ ಎಂಬುದು ವಿಜ್ಞಾನಿಗಳ ತರ್ಕ. ಇದನ್ನು ಪರೀಕ್ಷಿಸಲು ಜಿನೀವಾದ ಸಂಶೋಧಕರು ಹತ್ತು ಮಂದಿ ಆರೋಗ್ಯವಂತ ಗಂಡಸರಿಗೆ ಹಸಿರು ಚಹಾದ ಸಾರವನ್ನು ಕೊಟ್ಟು, ಉಸಿರಾಟವನ್ನು ಅಳೆಯುವ ಮುಚ್ಚಿದ ಕೋಣೆಯಲ್ಲಿ 24 ಗಂಟೆಗಳ ಕಾಲ ಇರಿಸಿದರು. ಅವರ ದೇಹ ವ್ಯಯಿಸಿದ ಶಕ್ತಿ ನೂರಕ್ಕೆ 4ರಷ್ಟು ಹೆಚ್ಚಿತು. ಅಷ್ಟೇ ಕೆಫೀನನ್ನು ಮಾತ್ರ ಕೊಟ್ಟಾಗ ಹೆಚ್ಚಲಿಲ್ಲ. 1999ರಲ್ಲಿ ಪ್ರಕಟವಾದ ಈ ಫಲಿತಾಂಶವೇ ಅನಂತರದ ಜಾಹೀರಾತುಗಳಿಗೆಲ್ಲ ಬಂಡವಾಳವಾಯಿತು.

ನೂರಕ್ಕೆ 4 ಎಂದರೆ ಎಷ್ಟಾಯಿತು? ದಿನಕ್ಕೆ 2,000 ಕಿಲೋಕ್ಯಾಲೊರಿ ವ್ಯಯಿಸುವವನಿಗೆ 80. ಒಂದು ಚಮಚ, ಅಂದರೆ 5 ಗ್ರಾಂ, ಸಕ್ಕರೆಯಲ್ಲಿ 20 ಉಂಟು. ಎರಡೆರಡು ಚಮಚ ಸಕ್ಕರೆ ಬೆರೆಸಿದ ಎರಡು ಲೋಟ ಚಹಾ ಕುಡಿದರೆ ಲೆಕ್ಕ ಸರಿಹೋಯಿತು!

ಕೋಣೆಯೊಳಗಿನ ಒಂದು ದಿನ ಬೇರೆ, ಹಸಿವುಳ್ಳ ಮನುಷ್ಯನ ಮೂರು ತಿಂಗಳು ಬೇರೆ. ಕನಿಷ್ಠ 12 ವಾರ ನಡೆದ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ ವಿಮರ್ಶಕರು 2012ರಲ್ಲಿ ಒಟ್ಟುಗೂಡಿಸಿ ನೋಡಿದರು. ಜಪಾನಿನ ಹೊರಗೆ ನಡೆದ ಪ್ರಯೋಗಗಳಲ್ಲಿ ಹಸಿರು ಚಹಾ ಸೇವಿಸಿದವರು ಇತರರಿಗಿಂತ ಹೆಚ್ಚಾಗಿ ಕಳೆದುಕೊಂಡ ತೂಕ ಸರಾಸರಿ 40 ಗ್ರಾಂ. ಸಣ್ಣದೊಂದು ಲಿಂಬೆಹಣ್ಣಿನಷ್ಟು!

ಹಾಗಾದರೆ ಹಸಿರು ಚಹಾದಿಂದ ಇಳಿದೆನೆಂದು ಹೇಳುವವರೆಲ್ಲರೂ ಸುಳ್ಳರೇ? ಅಲ್ಲ. ದಿನಕ್ಕೆ ನಾಲ್ಕು ಲೋಟ ಹಾಲು ಸಕ್ಕರೆಯ ಚಹಾ ಬಿಟ್ಟು ಬರಿಯ ಹಸಿರು ಚಹಾ ಹಿಡಿದವನಿಗೆ ಸಕ್ಕರೆಯಿಂದಲೇ 160 ಕಿಲೋಕ್ಯಾಲೊರಿ ಉಳಿಯಿತು, ಹಾಲಿನದು ಬೇರೆ. ಕೆಲಸ ಮಾಡಿದ್ದು ಲೋಟದಲ್ಲಿ ಇಲ್ಲದ ವಸ್ತು. ಜೇನು ಬೆರೆಸಿ ಕುಡಿಯುವವರಿಗೆ ಈ ಲಾಭ ಕರಗುತ್ತದೆ.

ಹೀಗೆ ಲೋಟದ ಚಹಾದಿಂದ ಆಸೆ ಕೈಗೂಡದಾಗ ಕೆಲವರು ಸಾರದ ಗುಳಿಗೆಗಳತ್ತ ಕೈ ಚಾಚುತ್ತಾರೆ. ಅಪಾಯವಿರುವುದು ಇಲ್ಲಿ. ಚಹಾದ ಮುಖ್ಯ ಕ್ಯಾಟೆಚಿನನ್ನು ಗುಳಿಗೆಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಸೇವಿಸಿದವರಲ್ಲಿ ಪಿತ್ತಜನಕಾಂಗದ ತೊಂದರೆಯ ಲಕ್ಷಣಗಳು ಕಂಡಿವೆಯೆಂದು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ತಿಳಿಸಿತು. ಎಲೆಯನ್ನು ನೆನೆಸಿ ಕುಡಿಯುವ ಚಹಾದ ಮೇಲೆ ಅದು ಈ ದೂರು ಹೊರಿಸಲಿಲ್ಲ. ಗುಳಿಗೆ ನುಂಗುತ್ತಿರುವವರ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ, ಗುಳಿಗೆಯನ್ನು ನಿಲ್ಲಿಸಿ ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಚಹಾ ರುಚಿಸಿದವರು ಧಾರಾಳವಾಗಿ ಕುಡಿಯಲಿ. ಆದರೆ ಅದರ ಒಗರು ಸೊಪ್ಪು, ಬೇಳೆಗಳ ಕಬ್ಬಿಣವು ಮೈಗೆ ಹತ್ತದಂತೆ ಮಾಡುತ್ತದೆ. ರಕ್ತಹೀನತೆಯುಳ್ಳವರು ಊಟವಾದ ಒಂದು ಗಂಟೆಯ ಮೇಲೆ ಕುಡಿಯುವುದು ಲೇಸು.