ವಿದ್ಯುತ್ ಕಾರಿನ ಎಸಿ ಫಿಲ್ಟರ್: ಗಾಳಿ, ದೂಳು, ದುಡ್ಡಿನ ಲೆಕ್ಕ

ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಬೇಕಿತ್ತು. ಈ ಲೆಕ್ಕದಲ್ಲಿ 10,000 ಕಿ.ಮೀ. ಓಡಿದ ಕಾರು 567 ಗಂಟೆ ರಸ್ತೆಯ ಮೇಲಿರುತ್ತದೆ. ಅಷ್ಟೇ ದೂರವನ್ನು ಹುಬ್ಬಳ್ಳಿ ಹೆದ್ದಾರಿಯಲ್ಲಿ ಗಂಟೆಗೆ 75ರ ವೇಗದಲ್ಲಿ ಓಡಿಸಿದರೆ 133 ಗಂಟೆ ಸಾಕು. ಎರಡೂ ಕಾರುಗಳ ಮೀಟರ್ ತೋರಿಸುವ ಅಂಕಿ ಒಂದೇ. ಆದರೆ ಗ್ಲೌ ಬಾಕ್ಸ್ ಹಿಂದೆ ಕೂತಿರುವ ಎಸಿ ಫಿಲ್ಟರ್‌ಗೆ ಚಕ್ರದ ಸುದ್ದಿ ಬೇಕಿಲ್ಲ. ಬ್ಲೋವರ್ ಎಷ್ಟು ಹೊತ್ತು ತಿರುಗಿತು, ಎಂಥ ಗಾಳಿಯನ್ನು ಎಳೆಯಿತು ಎಂಬುದರ ಮೇಲೆ ಅದರ ಆಯಸ್ಸು ನಿಂತಿದೆ. ಊರೊಳಗೇ ಓಡಾಡುವ ಕಾರಿನ ಫಿಲ್ಟರ್ ನಾಲ್ಕು ಪಟ್ಟಿಗೂ ಹೆಚ್ಚು ದುಡಿದಿರುತ್ತದೆ.

ವಿದ್ಯುತ್ ಕಾರಿನಲ್ಲಿ ಈ ಲೆಕ್ಕ ಇನ್ನೂ ಮುಖ್ಯ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಎಂಜಿನ್‌ನ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಯಾವುದೂ ಇಲ್ಲದ ಗಾಡಿಯಲ್ಲಿ ಕಾಲಕಾಲಕ್ಕೆ ಬದಲಿಸಬೇಕಾದ ಕೆಲವೇ ವಸ್ತುಗಳಲ್ಲಿ ಇದೊಂದು. ಸರ್ವಿಸ್ ಸೆಂಟರ್‌ಗೆ ಹೋಗುವುದೇ ಅಪರೂಪವಾದ್ದರಿಂದ ಮರೆತುಹೋಗುವುದೂ ಸುಲಭ. ‘ನಮ್ಮ ಗಾಡಿ ಹೊಗೆ ಬಿಡುವುದಿಲ್ಲ, ಫಿಲ್ಟರ್ ಬೇಗ ಕೆಡುವುದಿಲ್ಲ’ ಎನ್ನುವವರಿದ್ದಾರೆ. ಗಾಳಿ ಒಳಬರುವ ಬಾಯಿ ಇರುವುದು ಮುಂದಿನ ಗಾಜಿನ ಬುಡದಲ್ಲಿ; ಅದು ಹೀರುವುದು ಮುಂದೆ ನಿಂತಿರುವ ಬಸ್ಸು, ಲಾರಿಗಳ ಹೊಗೆಯನ್ನು. ಜೊತೆಗೆ ಚಾರ್ಜಿಂಗ್‌ಗೆ ನಿಂತಾಗ ಎಸಿ ಹಾಕಿಕೊಂಡು ಕೂರುವುದು, ಹೊರಡುವ ಮುನ್ನ ಮೊಬೈಲಿನಿಂದಲೇ ಕಾರನ್ನು ತಂಪು ಮಾಡುವುದು ವಿದ್ಯುತ್ ಕಾರಿನವರ ರೂಢಿ. ದಿನಕ್ಕೆ 15 ನಿಮಿಷದಂತೆ 300 ದಿನಕ್ಕೆ 75 ಗಂಟೆ. ಮೀಟರ್‌ನಲ್ಲಿ ಒಂದು ಕಿಲೋಮೀಟರೂ ಕೂಡುವುದಿಲ್ಲ.

ಫಿಲ್ಟರ್ ಹಿಡಿಯುವ ದೂಳು ಎಷ್ಟು? ದಿನಕ್ಕೆ ಒಂದೂವರೆ ಗಂಟೆ, ವರ್ಷಕ್ಕೆ 300 ದಿನ, ಒಟ್ಟು 450 ಗಂಟೆ ಎಂದಿಟ್ಟುಕೊಳ್ಳೋಣ. ಬ್ಲೋವರ್ ಗಂಟೆಗೆ 300 ಘನ ಮೀಟರ್ ಹೊರಗಾಳಿ ಎಳೆಯುತ್ತದೆ. ಗಾಳಿಯಲ್ಲಿ ಪಿಎಂ 10 ಕಣಗಳು ಘನ ಮೀಟರ್‌ಗೆ 100 ಮೈಕ್ರೊಗ್ರಾಂ; 2009ರ ರಾಷ್ಟ್ರೀಯ ಮಾನದಂಡದಲ್ಲಿ 24 ಗಂಟೆಗಳ ಮಿತಿ ಇದೇ. ಗುಣಿಸಿದರೆ ಗಂಟೆಗೆ 30 ಮಿಲಿಗ್ರಾಂ, ವರ್ಷಕ್ಕೆ ಹದಿಮೂರೂವರೆ ಗ್ರಾಂ. ಪೀಣ್ಯದ ಲಾರಿ ಸಾಲಿನಲ್ಲೋ ಕಲಬುರ್ಗಿಯ ಬೇಸಿಗೆಯಲ್ಲೋ ದೂಳು ಎರಡು ಪಟ್ಟಾದರೆ ಆರು ತಿಂಗಳಲ್ಲೇ ಅಷ್ಟು ತುಂಬಿಕೊಳ್ಳುತ್ತದೆ.

ಹೊರದೇಶದ ಕೈಪಿಡಿಯ ಅವಧಿಯನ್ನು ಇಲ್ಲಿಗೆ ಹಾಗೆಯೇ ತರಬಾರದು ಎನ್ನುವುದು ಇದಕ್ಕೇ. ಟೆಸ್ಲಾ ಕಂಪನಿಯ ಅಮೆರಿಕದ ಕೈಪಿಡಿ ಮಾಡೆಲ್ ವೈ ಕಾರಿನ ಕ್ಯಾಬಿನ್ ಫಿಲ್ಟರ್‌ಗೆ ಎರಡು ವರ್ಷ ಹೇಳುತ್ತದೆ. ಅಮೆರಿಕ 2024ರಲ್ಲಿ ಪಿಎಂ 2.5ರ ವಾರ್ಷಿಕ ಮಿತಿಯನ್ನು 9 ಮೈಕ್ರೊಗ್ರಾಂಗೆ ಇಳಿಸಿತು. ನಮ್ಮ ಮಿತಿ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ, ಕಲಬುರ್ಗಿ ನಗರಗಳು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿರುವುದೇ ನಮ್ಮ ಮಿತಿಯನ್ನೂ ಮೀರಿದ್ದಕ್ಕೆ.

ಇನ್ನು ಅಂಗಡಿಗೆ ಬರೋಣ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೂ ಆನ್‌ಲೈನ್‌ನಲ್ಲಿ ಹುಡುಕಿದರೂ ಎದುರಾಗುವುದು ಮೂರು ಬಗೆ: ದೂಳನ್ನಷ್ಟೇ ಹಿಡಿಯುವ ಬಿಳಿ ಫಿಲ್ಟರ್, ಇದ್ದಿಲು ಸೇರಿಸಿದ ಕಪ್ಪು ಫಿಲ್ಟರ್, ‘ಹೆಪಾ’ ಎಂಬ ಹೆಸರು ಹೊತ್ತ ದುಬಾರಿ ಫಿಲ್ಟರ್. ಹೆಪಾಗೆ ಅಳತೆಯಿದೆ. ಯುರೋಪಿನ ಇಎನ್ 1822 ಮಾನದಂಡದ ಎಚ್13 ದರ್ಜೆ ಎಂದರೆ, ಹಿಡಿಯಲು ಅತಿ ಕಷ್ಟವಾದ ಗಾತ್ರದ ಕಣಗಳಲ್ಲೂ ಶೇ 99.95ನ್ನು ತಡೆಯಬೇಕು. ದರ್ಜೆಯಾಗಲಿ ಶೇಕಡಾವಾರಾಗಲಿ ಇಲ್ಲದೆ ಬರೀ ‘ಹೆಪಾ’, ‘ಪಿಎಂ 2.5’ ಎಂದು ಅಚ್ಚಾಗಿದ್ದರೆ ಅದಕ್ಕೆ ನಾನು ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ.

ಅಂಕಿ ಇದ್ದರೂ ಅದೊಂದೇ ಸಾಲದು. ಹೊರಗಾಳಿ ಬರುವಂತೆ ಇಟ್ಟುಕೊಂಡು ಓಡಿಸುವಾಗ ಲೆಕ್ಕ ಸರಳ. ಹೊರಗೆ ಪಿಎಂ 2.5 ಪ್ರಮಾಣ 60 ಇದ್ದರೆ ಶೇ 50ರ ಫಿಲ್ಟರ್ ಒಳಗೆ 30 ಬಿಡುತ್ತದೆ, ಶೇ 80ರದು 12, ಶೇ 95ರದು 3. ಇಲ್ಲಿ ಹೆಚ್ಚು ಶೇಕಡಾ ಇದ್ದಷ್ಟೂ ಲಾಭ. ಆದರೆ ನಮ್ಮಲ್ಲಿ ಬಹುತೇಕರು ಎಸಿ ಹಾಕಿದೊಡನೆ ಒಳಗಿನ ಗಾಳಿಯೇ ಸುತ್ತುವ ಗುಂಡಿ ಒತ್ತುತ್ತಾರೆ. ಕಾರಿನೊಳಗೆ ಸುಮಾರು 3 ಘನ ಮೀಟರ್ ಗಾಳಿಯಿದೆ. ಬ್ಲೋವರ್ ಗಂಟೆಗೆ 200 ಘನ ಮೀಟರ್ ತಿರುಗಿಸಿದರೆ ಅಷ್ಟೂ ಗಾಳಿ 54 ಸೆಕೆಂಡಿಗೊಮ್ಮೆ ಫಿಲ್ಟರ್ ಹಾದುಬರುತ್ತದೆ. ಆಗ ಒಳಗಿನ ದೂಳು ಅರ್ಧಕ್ಕೆ ಇಳಿಯಲು ಶೇ 50ರ ಫಿಲ್ಟರ್‌ಗೆ 75 ಸೆಕೆಂಡ್, ಶೇ 80ರದಕ್ಕೆ 47, ಶೇ 95ರದಕ್ಕೆ 39 ಸೆಕೆಂಡ್ ಬೇಕು. ಹೊರಗಾಳಿಯಲ್ಲಿ ಆಕಾಶ–ಭೂಮಿಯಷ್ಟಿದ್ದ ಅಂತರ ಇಲ್ಲಿ ಕೆಲವು ಸೆಕೆಂಡುಗಳಿಗೆ ಇಳಿಯಿತು.

ಈಗ ಅದೇ ಜಾಗಕ್ಕೆ ದಟ್ಟವಾದ, ಶೇ 99ರ ಫಿಲ್ಟರ್ ಹಾಕಿ, ಗಾಳಿ 200ರಿಂದ 120ಕ್ಕೆ ಕುಸಿಯಿತು ಎನ್ನೋಣ. 120ನ್ನು 0.99ರಿಂದ ಗುಣಿಸಿದರೆ ಗಂಟೆಗೆ 119 ಘನ ಮೀಟರ್ ಶುದ್ಧ ಗಾಳಿ. ಶೇ 80ರ ಫಿಲ್ಟರ್ ಕೊಡುತ್ತಿದ್ದುದು 200 ಗುಣಿಸು 0.8, ಅಂದರೆ 160. ಹೆಚ್ಚು ಹಣ ಕೊಟ್ಟದ್ದು ಕಡಿಮೆ ಶುದ್ಧಗಾಳಿಗೆ. ಮೇಲಾಗಿ ಎಸಿಯ ತಂಪೂ ಇಳಿಯಿತು. ಕೊಳ್ಳುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಗುಣಾಕಾರ ಇದೇ: ಶೇಕಡಾವಾರು ಗುಣಿಸು ಹರಿಯುವ ಗಾಳಿ. ಹೆಪಾ ಒಳ್ಳೆಯದೇ, ಆದರೆ ಅದಕ್ಕೆ ಜಾಗ ಬೇಕು. 2015ರಲ್ಲಿ ಮಾಡೆಲ್ ಎಕ್ಸ್ ಕಾರಿಗೆ ಹೆಪಾ ಕೂರಿಸಿದ ಟೆಸ್ಲಾ, ಆ ಫಿಲ್ಟರ್ ಸಾಮಾನ್ಯ ಕಾರಿನದಕ್ಕಿಂತ ಹತ್ತು ಪಟ್ಟು ದೊಡ್ಡದು ಎಂದು ಹೇಳಿತ್ತು. ಗ್ಲೌ ಬಾಕ್ಸ್ ಹಿಂದಿನ ಕಿರಿದಾದ ಗೂಡಿಗೆ ಅದೇ ಹೆಸರಿನ ಫಿಲ್ಟರ್ ತುರುಕಿದರೆ ಅದೇ ಫಲ ಬರುವುದಿಲ್ಲ.

ಹಾಗಾಗಿ ಅಂಗಡಿಯಲ್ಲಿ ಮಡಿಕೆ ಎಣಿಸಿ. ಉದಾಹರಣೆಗೆ 240 ಮಿ.ಮೀ. ಉದ್ದ, 200 ಮಿ.ಮೀ. ಅಗಲ, 30 ಮಿ.ಮೀ. ಎತ್ತರದ ಫಿಲ್ಟರ್‌ನಲ್ಲಿ 40 ಮಡಿಕೆ ಇದ್ದರೆ ಬಿಡಿಸಿದಾಗ 0.48 ಚದರ ಮೀಟರ್ ಹಾಳೆ. 25 ಮಡಿಕೆಯಾದರೆ 0.30 ಮಾತ್ರ. ಗಂಟೆಗೆ 300 ಘನ ಮೀಟರ್ ಗಾಳಿ ಮೊದಲನೆಯದರಲ್ಲಿ ಸೆಕೆಂಡಿಗೆ 17 ಸೆಂ.ಮೀ. ವೇಗದಲ್ಲಿ ಹಾದರೆ, ಎರಡನೆಯದರಲ್ಲಿ 28 ಸೆಂ.ಮೀ. ವೇಗದಲ್ಲಿ ನುಗ್ಗಬೇಕು. ಹಾಳೆ ಒಂದೇ ಬಗೆಯದಾದರೆ ಬ್ಲೋವರ್‌ಗೆ ಎದುರಾಗುವ ತಡೆಯೂ ಸುಮಾರು 1.6 ಪಟ್ಟು. ಹದಿಮೂರೂವರೆ ಗ್ರಾಂ ದೂಳು ಕಡಿಮೆ ಹಾಳೆಯ ಮೇಲೆ ಕೂತು ಬೇಗ ಕಟ್ಟಿಕೊಳ್ಳುತ್ತದೆ ಕೂಡ.

ಅಳತೆ ಸರಿಯಿದೆಯೇ ಎಂಬುದನ್ನು ಇನ್ನೂ ಗಂಭೀರವಾಗಿ ನೋಡಬೇಕು. ‘ಎಲ್ಲ ಮಾಡೆಲ್‌ಗೂ ಆಗುತ್ತೆ ಸರ್’ ಎಂದು ಕೊಟ್ಟ ಫಿಲ್ಟರ್ ಒಂದು ಅಂಚಿನಲ್ಲಿ 3 ಮಿ.ಮೀ. ಸಂದು ಬಿಟ್ಟಿತು ಎನ್ನಿ. 240 ಮಿ.ಮೀ. ಉದ್ದಕ್ಕೆ ಅದು 720 ಚದರ ಮಿ.ಮೀ., ಫಿಲ್ಟರ್ ಮೈಯ ಶೇ 1.5 ಅಷ್ಟೇ. ಆದರೆ ಗಾಳಿ ಸಲೀಸಾದ ದಾರಿ ಹಿಡಿಯುತ್ತದೆ. ಫಿಲ್ಟರ್‌ನ ಎರಡು ಬದಿಗಳ ನಡುವೆ 100 ಪಾಸ್ಕಲ್ ಒತ್ತಡದ ಅಂತರವಿದ್ದರೆ ಆ ಸಂದಿನಿಂದ ಗಂಟೆಗೆ ಸುಮಾರು 20 ಘನ ಮೀಟರ್ ನುಸುಳುತ್ತದೆ. 300ರಲ್ಲಿ ಹೆಚ್ಚೂಕಮ್ಮಿ ಶೇ 7. ಶೇ 99.95ರ ಹಾಳೆ ಇದ್ದರೂ ಕೈಗೆ ಸಿಕ್ಕುವುದು ಶೇ 93. ನಿಮ್ಮ ಕಾರಿನ ಮಾಡೆಲ್, ತಯಾರಾದ ವರ್ಷಕ್ಕೆ ಹೊಂದುವ ಪಾರ್ಟ್ ನಂಬರ್ ನೋಡಿಯೇ ತನ್ನಿ. ಪೆಟ್ರೋಲ್ ಮತ್ತು ವಿದ್ಯುತ್ ಎರಡರಲ್ಲೂ ಬರುವ ಕಾರುಗಳಲ್ಲಿ ಹೆಸರೊಂದೇ ನಂಬಬೇಡಿ. ಹಳೆಯ ಫಿಲ್ಟರ್ ತೆಗೆದು ಸ್ಕೇಲ್ ಇಟ್ಟು ಮೂರೂ ಅಳತೆ ಬರೆದುಕೊಳ್ಳಿ.

ಕಪ್ಪು ಫಿಲ್ಟರ್‌ನಲ್ಲಿರುವುದು ಸಕ್ರಿಯ ಇದ್ದಿಲು. ಒಂದು ಗ್ರಾಂ ಇದ್ದಿಲಿನ ಒಳಮೈ ಸುಮಾರು 1000 ಚದರ ಮೀಟರ್, ಅಂದರೆ ಹತ್ತು ಗುಂಟೆ ಜಮೀನಿನಷ್ಟು. ನೈಟ್ರೋಜನ್ ಡೈಆಕ್ಸೈಡ್, ಡೀಸೆಲ್ ವಾಸನೆ, ಕಸ ಸುಟ್ಟ ಘಾಟು ಅಲ್ಲಿ ಅಂಟಿಕೊಳ್ಳುತ್ತವೆ. ಕಾರ್ಬನ್ ಮಾನಾಕ್ಸೈಡ್ ಅಂಟುವುದಿಲ್ಲ. ಎಲ್ಲವೂ ಇದ್ದಿಲಿನ ತೂಕದ ಮೇಲೆ ನಿಂತಿದೆ, ಬಣ್ಣದ ಮೇಲೆ ಅಲ್ಲ. ಒಂದೇ ಅಳತೆಯ ಬಿಳಿ ಮತ್ತು ಕಪ್ಪು ಫಿಲ್ಟರ್‌ಗಳನ್ನು ಅಂಗಡಿಯ ತಕ್ಕಡಿಗೆ ಹಾಕಿಸಿ. ವ್ಯತ್ಯಾಸ ನಾಲ್ಕೈದು ಗ್ರಾಂ ಮಾತ್ರವಾದರೆ ಇದ್ದಿಲು ಹೆಸರಿಗಷ್ಟೇ ಇದೆ. ನೂರು ಗ್ರಾಂ ಹತ್ತಿರ ಹೋದರೆ ಕೊಟ್ಟ ಹೆಚ್ಚಿನ ಹಣಕ್ಕೆ ಅರ್ಥವಿದೆ.

ಯಾವ ಫಿಲ್ಟರೂ ಹಿಡಿಯದ ಇನ್ನೊಂದು ಅನಿಲ ನಾವೇ ಬಿಡುವ ಉಸಿರು. ಸುಮ್ಮನೆ ಕೂತ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾರೆ. ನಾಲ್ವರಿಗೆ 72 ಲೀಟರ್. 3000 ಲೀಟರ್ ಗಾಳಿಯ ಕಾರು ಎಲ್ಲೂ ಸೋರದಿದ್ದರೆ ಹತ್ತೇ ನಿಮಿಷದಲ್ಲಿ ಅದರ ಪ್ರಮಾಣ ದಶಲಕ್ಷಕ್ಕೆ 4000 ಭಾಗ ಏರುತ್ತದೆ. ಹೊರಗಾಳಿಯಲ್ಲಿರುವುದು 425ರ ಆಸುಪಾಸು. ನಿಜವಾದ ಕಾರು ಅಲ್ಲಲ್ಲಿ ಸೋರುತ್ತದೆ, ಏರಿಕೆ ಅಷ್ಟು ತೀವ್ರವಿರದು. ಆದರೂ ಮನೆಮಂದಿ ಎಲ್ಲ ಕೂತು ಧರ್ಮಸ್ಥಳಕ್ಕೆ ಹೊರಟಾಗ ಒಳಗಾಳಿಯನ್ನೇ ಸುತ್ತಿಸುತ್ತ ಗಂಟೆಗಟ್ಟಲೆ ಓಡಿಸುವುದು ಚಾಲಕನಿಗೆ ತೂಕಡಿಕೆ ತರುವ ಕೆಲಸ. ಊರಿನ ದಟ್ಟಣೆ ದಾಟುವ ತನಕ ಒಳಗಾಳಿ, ಆಮೇಲೆ ಹೊರಗಾಳಿ ಎಂಬ ಅಭ್ಯಾಸ ಒಳ್ಳೆಯದು. ಹೊರಗಾಳಿ ಬೇಕೇಬೇಕು ಎಂದಮೇಲೆ ಫಿಲ್ಟರ್‌ನ ಶೇಕಡಾವಾರಿಗೆ ಮತ್ತೆ ಬೆಲೆ ಬರುತ್ತದೆ. ಶೇ 80ರ ಮೇಲಿರಲಿ ಎನ್ನುವುದು ನನ್ನ ಅಳತೆಗೋಲು.

ಫಿಲ್ಟರ್ ಬ್ಯಾಟರಿಯನ್ನು ತಿನ್ನುತ್ತದೆಯೇ ಎಂಬ ಆತಂಕ ವಿದ್ಯುತ್ ಕಾರಿನವರಿಗೆ ಸಹಜ. ದಟ್ಟ ಫಿಲ್ಟರ್ 100 ಪಾಸ್ಕಲ್ ಹೆಚ್ಚು ತಡೆ ಒಡ್ಡಿ, ನೀವು ಬ್ಲೋವರ್ ಏರಿಸಿ 300 ಘನ ಮೀಟರ್ ಗಾಳಿಯನ್ನೇ ತರಿಸಿಕೊಂಡರೆ, ಬ್ಲೋವರ್ ದಕ್ಷತೆ ಶೇ 30 ಎಂದು ಹಿಡಿದು 28 ವಾಟ್ ಹೆಚ್ಚು ಬೇಕು. 450 ಗಂಟೆಗೆ 12.5 ಯೂನಿಟ್, ಯೂನಿಟ್‌ಗೆ 7 ರೂಪಾಯಿಯಂತೆ ವರ್ಷಕ್ಕೆ 88 ರೂಪಾಯಿ. ಇದು ಚಿಲ್ಲರೆ. ಮಂಗಳೂರಿನ 32 ಡಿಗ್ರಿ, ಶೇ 70 ತೇವದ ಗಾಳಿಯನ್ನು ಗಂಟೆಗೆ 150 ಘನ ಮೀಟರ್ ಒಳತಂದು 25 ಡಿಗ್ರಿಗೆ ಹದ ಮಾಡುವುದಿದೆಯಲ್ಲ, ಅದಕ್ಕೆ ಎಸಿ ಗಂಟೆಗೆ 1.8 ಲೀಟರ್‌ನಷ್ಟು ನೀರನ್ನು ಗಾಳಿಯಿಂದ ಹಿಂಡಬೇಕು; ಬ್ಯಾಟರಿಯಿಂದ 600 ವಾಟ್‌ಗೂ ಹೆಚ್ಚು ಹೋಗುತ್ತದೆ. ಕರಾವಳಿಯವರು ಒಳಗಾಳಿಗೆ ಅಂಟಿಕೊಳ್ಳುವುದಕ್ಕೆ ಕಾರಣವಿದೆ.

ದುಡ್ಡಿನ ಲೆಕ್ಕಕ್ಕೆ ಬಿಳಿಯದು 350, ಒಳ್ಳೆಯ ಇದ್ದಿಲಿನದು 800, ಹೆಪಾ 1800 ರೂಪಾಯಿ ಎಂದಿಟ್ಟುಕೊಂಡೆ. ನಿಮ್ಮ ಕಾರಿನ ದರ ಹಾಕಿ ನೋಡಬಹುದು. 450 ಗಂಟೆಗೆ ಹಂಚಿದರೆ ಗಂಟೆಗೆ 78 ಪೈಸೆ, 1.78 ರೂಪಾಯಿ, 4 ರೂಪಾಯಿ. ಇದ್ದಿಲಿನದನ್ನು ಆರು ತಿಂಗಳಿಗೊಮ್ಮೆ ಬದಲಿಸಿದರೂ ವರ್ಷಕ್ಕೆ 1600. ಒಂದು ಹೆಪಾಗಿಂತ 200 ಕಡಿಮೆ. ಊರೊಳಗೆ ಓಡುವ ಕಾರಿಗೆ ನಾನು ಇದನ್ನೇ ಆರಿಸುತ್ತೇನೆ. ಹೊಸ ಇದ್ದಿಲು, ಕಟ್ಟಿಕೊಳ್ಳದ ಹಾಳೆ, ಸಲೀಸಾದ ಗಾಳಿ ವರ್ಷವಿಡೀ ಸಿಗುತ್ತವೆ. ಮನೆಯಲ್ಲಿ ಆಸ್ತಮಾ ಇರುವವರಿದ್ದು, ಕಾರಿನ ಕಂಪನಿಯೇ ಹೆಚ್ಚಿನ ದರ್ಜೆಯ ಫಿಲ್ಟರ್ ಒದಗಿಸುತ್ತಿದ್ದರೆ ಅದರ ದಾರಿ ಬೇರೆ.

ತೊಳೆದೋ ಕಂಪ್ರೆಸರ್ ಗಾಳಿ ಹೊಡೆಸಿಯೋ ಹಳೆಯದನ್ನು ಮತ್ತೆ ಹಾಕಿ ಉಳಿಸುವ ಹಣ ಉಳಿತಾಯವಲ್ಲ. ಇಂಥ ಹಾಳೆಗಳ ನಾರಿನಲ್ಲಿ ಸ್ಥಿರ ವಿದ್ಯುತ್ ತುಂಬಿಟ್ಟಿರುತ್ತಾರೆ. ಸಣ್ಣ ಕಣಗಳನ್ನು ಸೆಳೆದು ಹಿಡಿಯುವುದು ಅದೇ. ಸೋಪಿನ ನೀರು, ಸ್ಯಾನಿಟೈಸರ್‌ನ ಆಲ್ಕೊಹಾಲ್ ಅದನ್ನು ಕಳೆಯುತ್ತವೆ. ಕಟ್ಟಡಗಳ ಫಿಲ್ಟರ್‌ಗಳಿಗೆ 2016ರಲ್ಲಿ ಬಂದ ಐಎಸ್‌ಒ 16890 ಪರೀಕ್ಷೆಯಲ್ಲಿ ಆಲ್ಕೊಹಾಲ್ ಆವಿಯಿಂದ ಈ ವಿದ್ಯುದಂಶ ತೆಗೆದು ಮತ್ತೊಮ್ಮೆ ಅಳೆದು, ಎರಡು ಅಳತೆಗಳ ಸರಾಸರಿಯನ್ನೇ ದರ್ಜೆಗೆ ಹಿಡಿಯುತ್ತಾರೆ. ಡಬ್ಬಿಯ ಮೇಲೆ ಆ ಮಾನದಂಡದ ಅಂಕಿ ಕಂಡರೆ ಅದು ಹೆಚ್ಚು ನಂಬಿಕೆಗೆ ಅರ್ಹ.

ಮಳೆಗಾಲ ಮುಗಿದು ಆಯುಧಪೂಜೆಗೆ ಗಾಡಿ ತೊಳೆಯುವಾಗ ಒಂದು, ಬೇಸಿಗೆಯ ದೂಳು ಶುರುವಾಗುವ ಮುನ್ನ ಮಾರ್ಚ್‌ನಲ್ಲಿ ಇನ್ನೊಂದು ಹಾಕಿದರೆ ಲೆಕ್ಕ ತಪ್ಪುವುದಿಲ್ಲ. ಅನೇಕ ಕಾರುಗಳಲ್ಲಿ ಗ್ಲೌ ಬಾಕ್ಸ್ ಇಳಿಸಿದರೆ ಹತ್ತು ನಿಮಿಷದ ಕೆಲಸ. ಹಳೆಯದನ್ನು ಎಳೆಯುವ ಮೊದಲೇ ಅದರ ಬಾಣದ ಗುರುತು ಯಾವ ಕಡೆಗಿತ್ತು ಎಂದು ನೋಡಿಕೊಂಡು, ಹೊಸದರ ಅಂಚಿನ ಮೇಲೆ ಪೆನ್ನಿನಿಂದ ತಾರೀಕು ಬರೆದು ಕೂರಿಸಿ. ಹೊಸದು ಹಾಕಿದ ಮೇಲೂ ಮುಗ್ಗಲು ವಾಸನೆ ಬರುತ್ತಿದ್ದರೆ ದೋಷ ಬಹುಪಾಲು ಎಸಿಯ ತಂಪು ಕಾಯಿಲ್‌ನಲ್ಲಿ ಬೆಳೆದ ಬೂಷ್ಟಿನದು. ಇನ್ನೊಂದು ಫಿಲ್ಟರ್ ಕೊಳ್ಳುವ ಬದಲು ಕಾಯಿಲ್ ತೊಳೆಸಿ.