ದೈನಂದಿನ ಸಂಸ್ಕೃತಿಯಲ್ಲಿ ಕ್ರೈಸ್ತಧರ್ಮದ ಹೊರಪದರ

ಆಲಮಟ್ಟಿಯಲ್ಲಿ ಕೃಷ್ಣಾನದಿಯ ಅಣೆಕಟ್ಟಿಗೆ ಲಾಲ್ ಬಹಾದ್ದೂರ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲನ್ನಿಟ್ಟರು. ಈ ವಾಕ್ಯವನ್ನು ಓದುವಾಗ 1964 ಎಂಬ ಸಂಖ್ಯೆಯು ಯೇಸುಕ್ರಿಸ್ತನ ಜನನದಿಂದ ಎಣಿಸಿದುದೆಂದು ಯಾರೂ ನೆನೆಯುವುದಿಲ್ಲ. ಒಂದು ಧರ್ಮದ ಕುರುಹುಗಳು ಸರ್ವತ್ರ ಹಬ್ಬಿದ್ದು, ಅದರ ಅರ್ಥ ಮಾತ್ರ ಮರೆಯಾಗಿರುವ ಈ ಸ್ಥಿತಿಯು ಹೇಗೆ ಉಂಟಾಯಿತೆಂಬುದನ್ನು ಇಲ್ಲಿ ವಿಚಾರಿಸುವೆವು.

ಮೊದಲನೆಯದು ಕಾಲಗಣನೆ. ಕ್ರಿ.ಶ. 525ರ ಸುಮಾರಿಗೆ ದಿಯೋನಿಸಿಯಸ್ ಎಂಬ ಸನ್ಯಾಸಿಯು ಈಸ್ಟರ್ ಹಬ್ಬದ ದಿನವನ್ನು ನಿರ್ಣಯಿಸುವ ಸಲುವಾಗಿ ಈ ಎಣಿಕೆಯನ್ನು ಏರ್ಪಡಿಸಿದನು. ನಮ್ಮ ಶಾಸನಗಳು ಶಕವರ್ಷವನ್ನು ಹೇಳುತ್ತವೆ. ನಾವು ಅದಕ್ಕೆ 78ನ್ನು ಕೂಡಿಸಿ ಕ್ರಿಸ್ತಶಕಕ್ಕೆ ತರುತ್ತೇವೆ. ಉಪಾಸನೆಗಾಗಿ ಹುಟ್ಟಿದ ಗಣನೆಯು ಹೀಗೆ ಬರಿಯ ಅಂಕಗಣಿತವಾಯಿತು.

ಎರಡನೆಯದು ರಜೆ. ಕ್ರೈಸ್ತರಿಗೆ ಭಾನುವಾರವು ಪುನರುತ್ಥಾನದ ದಿನ. ಬ್ರಿಟಿಷರ ಆಡಳಿತದ ಮೂಲಕ ಅದು ಕಚೇರಿಗೂ ಶಾಲೆಗೂ ಬಂದಿತು; ಆದರೆ ಊರೂರಿನ ಸಂತೆಗಳು ಇಂದಿಗೂ ತಮ್ಮ ಹಳೆಯ ವಾರಗಳಂದೇ ನೆರೆಯುತ್ತವೆ. ‘ಶುಭ ಶುಕ್ರವಾರ’ದ ಗತಿಯಂತೂ ವಿಚಿತ್ರವಾದುದು. ಕ್ರಿಸ್ತನ ಮರಣವನ್ನು ಸ್ಮರಿಸುವ ಆ ಶೋಕದಿನದಂದು, ‘ಶುಭ’ ಎಂಬ ಶಬ್ದವನ್ನು ನಂಬಿ ಶುಭಾಶಯ ಕೋರುವವರೂ ಉಂಟು. ಇನ್ನು ಡಿಸೆಂಬರಿನಲ್ಲಿ ಅಂಗಡಿಗಳ ಮುಂದೆ ತೂಗುವ ನಕ್ಷತ್ರದೀಪ, ಕೇಕು ಇವುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ.

ಮೂರನೆಯದು ವಿದ್ಯಾಕ್ಷೇತ್ರ, ಇದು ನಮಗೆ ಅತ್ಯಂತ ಸಮೀಪದ್ದು. ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಮುಂದೆ ಬಸವಪುರಾಣವೇ ಮೊದಲಾದ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತಂದರು. ಫೆರ್ಡಿನಾಂಡ್ ಕಿಟ್ಟೆಲರು 1853ರಲ್ಲಿ ಬಂದು, 1894ರಲ್ಲಿ ತಮ್ಮ ಮಹಾಕೋಶವನ್ನು ಪ್ರಕಟಿಸಿದರು. ಅದೇ ಕಿಟ್ಟೆಲರು 1862ರಲ್ಲಿ ಕ್ರಿಸ್ತಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಿಂದ ಪದ್ಯರೂಪದಲ್ಲಿ ರಚಿಸಿದ್ದರೆಂಬುದನ್ನು ಬಲ್ಲವರು ವಿರಳ. ಕೋಶವನ್ನು ಸ್ವೀಕರಿಸಿದೆವು, ಕೋಶಕಾರನನ್ನು ಈ ನಾಡಿಗೆ ತಂದ ಶ್ರದ್ಧೆಯನ್ನು ವಿಚಾರಿಸಲಿಲ್ಲ.

ಇದನ್ನು ಕೃತಘ್ನತೆಯೆಂದು ಹಳಿಯುವುದು ಸುಲಭ. ಆದರೆ ಅದು ಪೂರ್ಣಸತ್ಯವಲ್ಲ. ಮತಾಂತರವನ್ನು ಬಯಸಿ ಬಂದವರಿಂದ ವಿದ್ಯೆಯನ್ನಷ್ಟೇ ಆರಿಸಿಕೊಂಡುದು ಈ ನಾಡಿನ ಸ್ವಾತಂತ್ರ್ಯವೂ ಹೌದು. ಅಲ್ಲದೆ ಹೊರಪದರವಾಗುವ ವಿಧಿ ಕ್ರೈಸ್ತಧರ್ಮವೊಂದಕ್ಕೇ ಬಂದುದಲ್ಲ. ಬಸವಣ್ಣನವರು ಜನಿಸಿದ ಬಾಗೇವಾಡಿಯು ಆಲಮಟ್ಟಿಗೆ ದೂರವಿಲ್ಲ. ಅವರ ‘ಕಾಯಕ’ವು ದಾಸೋಹದೊಡನೆ ಬೆಸೆದ ಸಾಧನೆಯಾಗಿದ್ದಿತು, ಇಂದು ಸಂಬಳದ ಯಾವ ಕೆಲಸಕ್ಕಾದರೂ ಆ ಹೆಸರು ಸಲ್ಲುತ್ತದೆ. ಧರ್ಮವು ಸರ್ವಸಾಮಾನ್ಯ ರೂಢಿಯಾದಾಗ ಅದರ ಆಗ್ರಹವು ಕಳಚಿ, ಆಕಾರವಷ್ಟೇ ಉಳಿಯುತ್ತದೆ.

ಆದರೂ ಎರಡಕ್ಕೂ ಒಂದು ಭೇದವುಂಟು. ಕಾಯಕದ ಮೂಲಾರ್ಥವನ್ನು ನೆನಪಿಸಲು ವಚನಗಳು ಪಠ್ಯಗಳಲ್ಲಿವೆ, ಮಠಗಳು ಸುತ್ತಲೂ ಇವೆ. ಕ್ರೈಸ್ತಕುರುಹುಗಳಾದರೋ ಕಥೆಯನ್ನು ಬಿಟ್ಟು, ಕಾಯಿದೆಯ ಮೂಲಕವೂ ಪೇಟೆಯ ಮೂಲಕವೂ ಬಂದವು. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿಯ ಕಾಲದಿಂದ ನೆಲೆಸಿದ ಕ್ರೈಸ್ತಸಮಾಜವಿದೆ. ಉಪವಾಸ, ಪ್ರಾಯಶ್ಚಿತ್ತಗಳ ತಪಸ್ಸುಕಾಲ ಕಳೆದ ಬಳಿಕವೇ ಕ್ರೈಸ್ತರ ಮನೆಗಳಿಗೆ ಈಸ್ಟರ್ ಬರುತ್ತದೆ. ನೆರೆಯವರಿಗೆ ಕಾಣುವುದು ರಜೆ. ಅವರು ನಡೆಸುವುದು ವ್ರತ.

ನೆರೆಯವನ ಹಬ್ಬದ ತಿನಿಸನ್ನು ಬಲ್ಲ ವಿದ್ಯಾರ್ಥಿಯು ಅವನ ಉಪವಾಸವನ್ನೂ ಅರಿಯಬೇಕು. ನಂಬಿಕೆ ಬೇರೆ, ತಿಳಿವಳಿಕೆ ಬೇರೆ. ಕಾಲೇಜು ಕೊಡಬಹುದಾದುದು ಎರಡನೆಯದು. ಕಿಟ್ಟೆಲ್ ಕೋಶವಿರುವ ಗ್ರಂಥಾಲಯದಲ್ಲಿ ‘ಕಥಾಮಾಲೆ’ಗೂ ಎಡೆ ದೊರೆತರೆ ಆ ಕಾರ್ಯಕ್ಕೆ ಆರಂಭವಾದೀತು.